ಸುತ್ತಿ ಬರುವ ಕೈ

ಕೈಗೆಟುಕದ ದ್ರಾಕ್ಷಿ ಹುಳಿ ಎಂಬ ಮಾತನ್ನು ಮೊದಲು ಆಡಿದವರು ಚಿಕ್ಕಬಳ್ಳಾಪುರದ ಸೀಮೆಯನ್ನು ಕಂಡವರಲ್ಲವೆಂದು ತೋರುತ್ತದೆ. ಇಲ್ಲಿನ ಚಪ್ಪರಗಳಿಂದ ಜೋತುಬೀಳುವ ‘ಬೆಂಗಳೂರು ಬ್ಲೂ’ ದ್ರಾಕ್ಷಿ ಕೈಗೆಟುಕಿದ ಮೇಲೂ ಕೊಂಚ ಹುಳಿಯಾಗಿಯೇ ಇರುತ್ತದೆ. ಅದೇ ಅದರ ಸೊಗಸು. ಕಥೆಯ ನರಿಗೆ ಇದ್ದದ್ದು ಎತ್ತರದ ತೊಡಕು ಒಂದೇ. ಚಪ್ಪರದ ಕೆಳಗೆ ಕತ್ತರಿ ಹಿಡಿದು ನಿಂತ ಹೆಂಗಸಿನ ತೊಡಕುಗಳೇ ಬೇರೆ. ಅವಳ ಕೈಗೂ ಗೊಂಚಲಿಗೂ ನಡುವೆ ತಂತಿ, ಬಳ್ಳಿ, ಎಲೆ, ಇನ್ನೂ ಬಣ್ಣ ತಿರುಗದ ಮತ್ತೊಂದು ಗೊಂಚಲು ಇವೆಲ್ಲ ಅಡ್ಡ ನಿಂತಿರುತ್ತವೆ. ಕೈ ನೇರವಾಗಿ ಹೋಗುವಂತಿಲ್ಲ. ತಂತಿಯ ಆಚೆಯಿಂದ ಬಳಸಿ, ಎಲೆಯ ಅಡಿಯಿಂದ ನುಸುಳಿ, ಹಣ್ಣಿನ ಮೇಲಿನ ಬೂದಿಯಂಥ ಹೊದಿಕೆ ಅಳಿಸದಂತೆ ತೊಟ್ಟನ್ನಷ್ಟೇ ಹಿಡಿಯಬೇಕು.

ಇಂಥ ಸುತ್ತುದಾರಿಯನ್ನು ನಮ್ಮೆಲ್ಲರ ಕೈಗಳೂ ದಿನಕ್ಕೆ ನೂರಾರು ಸಲ ಹಿಡಿಯುತ್ತವೆ. ಕಾಫಿ ಫಿಲ್ಟರಿನ ಹಿಂದಿರುವ ಸಕ್ಕರೆ ಡಬ್ಬಿ, ದೇವರ ಮನೆಯಲ್ಲಿ ಉರಿಯುವ ದೀಪದ ಆಚೆಗಿರುವ ಕುಂಕುಮದ ಬಟ್ಟಲು, ಬೀರುವಿನಲ್ಲಿ ಮಡಿಸಿಟ್ಟ ಸೀರೆಗಳ ಹಿಂದೆ ಅಡಗಿಸಿದ ಬೀಗದ ಕೈ, ಇವುಗಳತ್ತ ಕೈ ಚಾಚುವಾಗ ಯಾರೂ ಯೋಚಿಸುವುದಿಲ್ಲ. ಯೋಚನೆ ಬರುವುದು ಏನಾದರೂ ಉರುಳಿದಾಗ. ಅಲ್ಲಿಯೂ ಒಂದು ಸೋಜಿಗವುಂಟು. ಹದಿನೆಂಟರ ಮಗಳು ಹಾಲಿನ ಪಾತ್ರೆಯನ್ನು ಉರುಳಿಸಿದರೆ ‘ಕೈ ತಪ್ಪಿತು’ ಎನ್ನುತ್ತೇವೆ. ಎಪ್ಪತ್ತರ ಅಜ್ಜಿ ಉರುಳಿಸಿದರೆ ‘ವಯಸ್ಸಾಯಿತು’ ಎನ್ನುತ್ತೇವೆ. ಚೆಲ್ಲಿದ ಹಾಲು ಒಂದೇ, ತೀರ್ಪು ಎರಡು. ಈ ಎರಡನೆಯ ತೀರ್ಪಿನಲ್ಲಿ ಸತ್ಯ ಎಷ್ಟಿದೆ, ಆತುರ ಎಷ್ಟಿದೆ ಎಂಬುದನ್ನು ಈ ವಾರ ಸ್ವಲ್ಪ ವಿಚಾರಿಸೋಣ.

ವಸ್ತುವೊಂದನ್ನು ಎಟುಕಿ ಹಿಡಿಯುವುದು ಒಂದೇ ಕೆಲಸವೆಂದು ನಾವು ತಿಳಿದಿರುತ್ತೇವೆ. ಅದು ಜೊತೆಜೊತೆಯಾಗಿ ನಡೆಯುವ ಎರಡು ಕೆಲಸ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಮಾರ್ಕ್ ಜಾನ್ರೋ ಎಂಬ ನರವಿಜ್ಞಾನಿ ೧೯೮೦ರ ದಶಕದಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ತೋಳು ಕೈಯನ್ನು ವಸ್ತುವಿನ ಬಳಿಗೆ ಕೊಂಡೊಯ್ಯುತ್ತಿರುವಾಗಲೇ ಬೆರಳುಗಳು ತೆರೆಯಲು ತೊಡಗುತ್ತವೆ. ವಸ್ತುವಿನ ಗಾತ್ರಕ್ಕಿಂತ ತುಸು ಹೆಚ್ಚಾಗಿಯೇ ತೆರೆಯುತ್ತವೆ. ಪಯಣದ ಮೂರರಲ್ಲಿ ಎರಡು ಪಾಲು ಕಳೆಯುವ ಸುಮಾರಿಗೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಅಂತರ ಅತ್ಯಂತ ಅಗಲವಾಗಿ, ಅನಂತರ ಕೈ ವೇಗ ತಗ್ಗಿಸಿಕೊಳ್ಳುತ್ತಿರುವಾಗ ಮೆಲ್ಲಗೆ ಮುಚ್ಚುತ್ತ ಬರುತ್ತದೆ. ನೆಂಟರು ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಬಾಗಿಲು ತೆರೆದಿಡುವ ಗೃಹಸ್ಥನಂತೆ ಎಂದರೆ ತಪ್ಪಾಗದು.

ನಡುವೆ ಅಡ್ಡವೊಂದು ಬಂದರೆ ಈ ಏರ್ಪಾಡೆಲ್ಲ ಬದಲಾಗುತ್ತದೆ. ಅಡ್ಡವಿರುವ ವಸ್ತುವನ್ನು ಮುಟ್ಟದಿದ್ದರೂ ಅದರ ಅಂಜಿಕೆ ಕೈಗಿರುತ್ತದೆ. ದಾರಿ ಬಾಗುತ್ತದೆ, ವೇಗ ಇಳಿಯುತ್ತದೆ, ಬೆರಳುಗಳು ಎಂದಿನಷ್ಟು ಅಗಲವಾಗಿ ತೆರೆಯುವುದಿಲ್ಲ. ಇಕ್ಕಟ್ಟಿನ ಓಣಿಯಲ್ಲಿ ಕೊಡೆಯನ್ನು ಅರ್ಧ ಮಡಿಸಿ ನಡೆದಂತೆ. ಎಳೆಯರಾಗಲಿ ಹಿರಿಯರಾಗಲಿ ಎಲ್ಲರಿಗೂ ಇದು ಉಂಟು. ವಯಸ್ಸಾದವರಲ್ಲಿ ಆಗುವ ವ್ಯತ್ಯಾಸ ಬಹುಮಟ್ಟಿಗೆ ದಾರಿಯ ಕೊನೆಯ ಭಾಗದಲ್ಲಿ. ಹೊರಡುವಾಗಿನ ಹುರುಪು ಸಾಕಷ್ಟಿರುತ್ತದೆ. ತಲುಪುವ ಮುನ್ನಿನ ನಾಲ್ಕು ಅಂಗುಲವನ್ನು ಮಾತ್ರ ಕೈ ತಡಮಾಡಿ, ನೋಡಿ ನೋಡಿ ದಾಟುತ್ತದೆ. ಹಿಡಿದ ಮೇಲೆ ಬೇಕಾದುದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ.

ಇದಕ್ಕೆ ಕಾರಣಗಳು ಮೈಯಲ್ಲಿ ಹಲವೆಡೆ ಹಂಚಿಹೋಗಿವೆ. ನರಗಳಲ್ಲಿ ಸುದ್ದಿ ಸಾಗುವ ವೇಗ ಕೊಂಚ ಇಳಿಯುತ್ತದೆ; ಸ್ನಾಯುಗಳನ್ನು ಆಳುವ ನರಕೋಶಗಳಲ್ಲಿ ಕೆಲವು ಕಾಲಕ್ರಮದಲ್ಲಿ ಇಲ್ಲವಾಗುತ್ತವೆ; ಬೆರಳ ತುದಿಯಲ್ಲಿ ಸ್ಪರ್ಶವನ್ನು ತಿಳಿಸುವ ಸೂಕ್ಷ್ಮ ತುದಿಗಳ ಸಂಖ್ಯೆ ಕುಗ್ಗುತ್ತದೆ. ಬೆವರು ಕಡಿಮೆಯಾಗಿ ಬೆರಳ ಚರ್ಮ ಒಣಗುವುದರಿಂದ ಸ್ಟೀಲಿನ ಲೋಟ ಜಾರುವ ಸಂಭವ ಹೆಚ್ಚು. ಬಿಗಿಹಿಡಿತ ಅದಕ್ಕೆ ಕೈ ತಾನೇ ಕಂಡುಕೊಂಡ ಉಪಾಯ. ಇವೆಲ್ಲದರ ಮೇಲೆ ಕಣ್ಣು. ಇಪ್ಪತ್ತರ ಕಣ್ಣಿನ ಒಳಪದರಕ್ಕೆ ಎಷ್ಟು ಬೆಳಕು ತಲುಪುತ್ತದೆಯೋ ಅದರ ಮೂರನೆಯ ಒಂದು ಪಾಲು ಮಾತ್ರ ಅರವತ್ತರ ಕಣ್ಣಿನ ಒಳಪದರಕ್ಕೆ ತಲುಪುತ್ತದೆಂದು ಲೆಕ್ಕ ಹಾಕಿದ್ದಾರೆ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಸ್ಪರ್ಶವನ್ನು ನಂಬಲಾರದ ಕೈ ಹೆಚ್ಚುಹೆಚ್ಚಾಗಿ ಕಣ್ಣನ್ನು ನೆಚ್ಚಿಕೊಳ್ಳುವ ಕಾಲಕ್ಕೆ ಸರಿಯಾಗಿ ಕಣ್ಣಿನ ಬೆಳಕೂ ಇಳಿಯುತ್ತದೆ. ಸಾಲ ಕೊಡುವವನೂ ಬಡವನಾದಂತೆ ಇದು.

ಪ್ರಯೋಗಶಾಲೆಯ ಮಾತು ಇಷ್ಟು ಸಾಕು. ಕೈ ಸುತ್ತಿಬರುವ ಕೆಲಸವನ್ನೇ ಬದುಕಾಗಿ ಮಾಡಿಕೊಂಡ ಊರೊಂದು ನಮ್ಮ ಪಕ್ಕದಲ್ಲೇ ಇದೆ. ಶಿಡ್ಲಘಟ್ಟಕ್ಕೆ ಹೋದವರಿಗೆ ಬಸ್ಸಿನಿಂದ ಇಳಿಯುವ ಮೊದಲೇ ಬೇಯುವ ಗೂಡುಗಳ ವಾಸನೆ ಬಡಿದು ಊರು ಬಂದುದು ತಿಳಿಯುತ್ತದೆ. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ, ಮನೆಯೊಳಗೆ ಹುಳು, ಊರಿನಲ್ಲಿ ಗೂಡಿನ ಮಾರುಕಟ್ಟೆ, ಗಲ್ಲಿಗಳಲ್ಲಿ ನೂಲು ಬಿಚ್ಚುವ ಘಟಕಗಳು. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ವಾಕ್ಯದಲ್ಲಿ ಕೂಡಿಬರುವ ಊರು. (ಕನ್ನಡದ ಅಧ್ಯಾಪಕನಾದ ನನಗೆ ಇದರಿಂದ ಸಂಕಟವಾಗಬೇಕಾಗಿತ್ತು, ಆಗುವುದು ಸಂತೋಷ.)

ರೇಷ್ಮೆಯ ಹುಳು ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾದಾಗ ಅದನ್ನು ನಮ್ಮ ರೈತರು ‘ಹಣ್ಣಾದ ಹುಳು’ ಎನ್ನುತ್ತಾರೆ. ಮನುಷ್ಯರಲ್ಲಿಯೂ ಹಣ್ಣು ಹಣ್ಣು ಮುದುಕ ಎಂಬ ಮಾತುಂಟು. ಹುಳುವಿನ ವಿಷಯದಲ್ಲಿ ಹಣ್ಣಾಗುವುದೆಂದರೆ ನಿಜವಾದ ಕೆಲಸ ಆರಂಭವಾಗುವ ಗಳಿಗೆ. ಮನುಷ್ಯರ ವಿಷಯದಲ್ಲಿ ಕೆಲಸದಿಂದ ಏಳಿಸುವ ಗಳಿಗೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುತ್ತಾರೆ. ಚಂದ್ರಿಕೆಯೆಂದರೆ ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ನಿಲ್ಲಿಸಿ ಸುರುಳಿ ಸುರುಳಿಯಾಗಿ ಹೆಣೆದಿರುತ್ತಾರೆ. ಸುರುಳಿಯ ಎರಡು ಗೋಡೆಗಳ ನಡುವಣ ಕಿರಿದಾದ ಓಣಿಯಲ್ಲಿ ಹುಳು ತನ್ನ ಗೂಡು ಕಟ್ಟುತ್ತದೆ. ಒಂದು ಚಂದ್ರಿಕೆಗೆ ಸಾವಿರದ ಹತ್ತಿರ ಹುಳು. ಈಗ ಎಷ್ಟೋ ಕಡೆ ಪ್ಲಾಸ್ಟಿಕ್ಕಿನ ನೇತ್ರಿಕೆಗಳು ಬಂದಿವೆ. ಆದರೂ ಗೋಡೆಗೆ ಒರಗಿಸಿದ ಚಂದ್ರಿಕೆಗಳನ್ನು ಇಂದಿಗೂ ಮನೆಗಳ ಮುಂದೆ ಕಾಣಬಹುದು.

ಐದಾರು ದಿನಗಳಾದ ಮೇಲೆ ಗೂಡು ಬಿಡಿಸುವ ಕೆಲಸ. ಓದುಗರು ಇದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬೆರಳು ಬಿದಿರಿನ ಎರಡು ಗೋಡೆಗಳ ನಡುವೆ ಇಳಿಯಬೇಕು. ಪಕ್ಕದ ಗೂಡನ್ನು ತಳ್ಳಬಾರದು. ಬಿದಿರಿನ ಸಿಬಿರಿಗೆ ತಗಲಬಾರದು. ಹಿಡಿತ ಸಡಿಲವಾದರೆ ಅಂಟಿಕೊಂಡ ಗೂಡು ಬರುವುದಿಲ್ಲ. ಬಿಗಿಯಾದರೆ ಒಳಗಿನ ಕೋಶ ಒಡೆದು ಗೂಡಿಗೆ ಕರೆ ಹಿಡಿಯುತ್ತದೆ, ಆ ಕರೆ ಪಕ್ಕದ ಗೂಡುಗಳಿಗೂ ತಗಲುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ವಯಸ್ಸಾದ ಕೈಯ ದೋಷಗಳೆಂದು ಶಾಸ್ತ್ರ ಹೇಳುವುದೆಲ್ಲ ಇಲ್ಲಿ ಹಣದ ನಷ್ಟವಾಗಿ ಪರಿಣಮಿಸಬೇಕು. ಆದರೆ ಇಂಥ ಮನೆಗಳ ಜಗುಲಿಯಲ್ಲಿ ಚಂದ್ರಿಕೆಯ ಸುತ್ತ ಕುಳಿತವರಲ್ಲಿ ಮನೆಯ ಅಜ್ಜಿ ತಪ್ಪದೆ ಇರುತ್ತಾಳೆ. ಮೊಮ್ಮಕ್ಕಳ ಕೈಗಿಂತ ಅವಳ ಕೈ ನಿಧಾನ. ಅವಳ ಬುಟ್ಟಿಯಲ್ಲಿ ಕರೆ ಹಿಡಿದ ಗೂಡು ಕಡಿಮೆ. ಗಮನಿಸಿ ನೋಡಿದರೆ ಅವಳು ಗೂಡನ್ನು ಮೇಲಿನಿಂದ ಹಿಡಿಯುವುದೇ ಇಲ್ಲ. ಒಂದು ಬೆರಳನ್ನು ಗೋಡೆಗೆ ಆನಿಸಿ, ಅದನ್ನೇ ಆಸರೆಯಾಗಿಟ್ಟುಕೊಂಡು, ಇನ್ನೆರಡು ಬೆರಳನ್ನು ಪಕ್ಕದಿಂದ ಸರಿಸಿ ಗೂಡನ್ನು ಎಬ್ಬಿಸುತ್ತಾಳೆ. ಅಡ್ಡವಾಗಿದ್ದ ಗೋಡೆಯೇ ಅವಳಿಗೆ ಊರುಗೋಲಾಗಿದೆ.

ನೂಲು ಬಿಚ್ಚುವ ಚರಕದ ಮುಂದೆ ಕೆಲಸ ಇನ್ನೂ ಕಠಿಣ. ಚರಕಗಳು ಕಡಿಮೆಯಾಗಿ ಯಂತ್ರಗಳು ಹೆಚ್ಚುತ್ತಿವೆ, ನಿಜ. ಚರಕವಿರುವಲ್ಲಿ ಒಬ್ಬರು ರಾಟೆ ತಿರುಗಿಸುತ್ತಾರೆ, ಮತ್ತೊಬ್ಬರು ಕುದಿನೀರಿನ ಬಾಣಲೆಯ ಮುಂದೆ ಕೂರುತ್ತಾರೆ. ಒಂದು ಗೂಡಿನ ಎಳೆ ಬಿಚ್ಚಿದರೆ ನೂರಾರು ಮೀಟರು ಉದ್ದ. ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣ. ಅಂಥ ಹಲವು ಎಳೆಗಳು ಕೂಡಿ ಒಂದು ನೂಲು. ಒಂದು ಗೂಡು ಮುಗಿದರೆ ಅದರ ಜಾಗಕ್ಕೆ ಇನ್ನೊಂದರ ಎಳೆಯನ್ನು ಕೂಡಿಸಬೇಕು, ರಾಟೆ ನಿಲ್ಲುವುದಿಲ್ಲ. ಮೇಲಕ್ಕೆ ಏರುತ್ತಿರುವ ನೂಲುಗಳ ನಡುವೆ, ಹಬೆಯ ಮಸುಕಿನಲ್ಲಿ, ಕುದಿಯುವ ನೀರನ್ನು ಆದಷ್ಟು ಕಡಿಮೆ ಮುಟ್ಟಿ, ತೇಲುವ ಗೂಡುಗಳಲ್ಲಿ ಬೇಕಾದ ಒಂದನ್ನು ಬೆರಳು ಹುಡುಕಬೇಕು.

ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಅವನ ಅಜ್ಜಿ ಈ ಕೆಲಸ ಮಾಡುತ್ತಿದ್ದುದನ್ನು ಕಂಡೆ. ಎಪ್ಪತ್ತರ ಆಸುಪಾಸು. ಬೆರಳ ತುದಿಗಳು ಬಿಸಿನೀರಿನಲ್ಲಿ ನೆಂದು ನೆಂದು ಗೆರೆಯಿಲ್ಲದಂತೆ ಬಿಳಿಚಿದ್ದವು. ಪಕ್ಕದಲ್ಲಿ ತಣ್ಣೀರಿನ ಬಟ್ಟಲು. ಬೆರಳು ಸುಡುವುದಿಲ್ಲವೇ ಎಂದು ಕೇಳಿದೆ.

“ಚಿಕ್ಕೋಳಾಗಿದ್ದಾಗ ಸುಟ್ಟರೆ ಕೈಗೇ ಗೊತ್ತಾಗೋದು ಮೇಷ್ಟ್ರೇ. ಈಗ ಕಣ್ಣಿಗೆ ಗೊತ್ತಾಗಬೇಕು. ಹಬೆ ನೋಡ್ತೀನಿ, ಆಮೇಲೆ ಕೈ ಹಾಕ್ತೀನಿ,” ಎಂದರು.

“ಕಣ್ಣು ಮಂಜಾದರೆ?”

“ಅದಕ್ಕೇ ಬಾಗಿಲ ಹತ್ತಿರ ಕೂತಿರೋದು. ಒಳಗೆ ನೆರಳಿದೆ ಬಾ ಅಂತ ಮಗ ಕರೀತಾನೆ. ನೆರಳಲ್ಲಿ ಕೂತರೆ ಬೆರಳು ಹೋಗ್ತದೆ.”

ಸ್ಪರ್ಶ ಹಿಂದೆ ಸರಿದಾಗ ಕಣ್ಣು ಮುಂದೆ ಬರುತ್ತದೆಂಬುದನ್ನು ವಿಜ್ಞಾನಿಗಳು ಪುಟಗಟ್ಟಲೆ ಬರೆದಿದ್ದಾರೆ. ಈ ತಾಯಿ ಅದನ್ನು ಬೇಯುವ ಬಾಣಲೆಯ ಮುಂದೆ ಕಂಡುಕೊಂಡಿದ್ದಾರೆ, ಕಂಡುಕೊಂಡು ಕೂರುವ ಜಾಗವನ್ನೇ ಬದಲಾಯಿಸಿದ್ದಾರೆ. ರಾಟೆಯ ವೇಗಕ್ಕೆ ಅವರ ಕೈ ಹೇಗೆ ಸಾಟಿಯಾಗುತ್ತದೆಂಬುದು ನನಗೆ ಮೊದಲು ಅರ್ಥವಾಗಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ತಿಳಿಯಿತು: ಗೂಡು ಮುಗಿದ ಮೇಲೆ ಹುಡುಕಲು ಹೋಗುತ್ತಿರಲಿಲ್ಲ. ತೆಳುವಾಗಿ, ಒಳಗಿನ ಕೋಶ ಕಪ್ಪಾಗಿ ಕಾಣತೊಡಗಿದ ಗೂಡನ್ನು ಮೊದಲೇ ಗುರುತಿಸಿ, ಅದಕ್ಕೆ ಬದಲಿಯನ್ನು ಅಂಚಿಗೆ ತಂದಿಟ್ಟುಕೊಂಡಿರುತ್ತಿದ್ದರು. ಕೈ ಹೋಗಬೇಕಾದ ದೂರವೂ ಅಷ್ಟಕ್ಕಷ್ಟೇ, ಅಡ್ಡವೂ ಇಲ್ಲ.

ಇದಕ್ಕೆ ಹೋಲುವ ಸಂಗತಿಯೊಂದನ್ನು ಅಮೆರಿಕದ ಮನೋವಿಜ್ಞಾನಿ ತಿಮೊಥಿ ಸಾಲ್ಟ್‌ಹೌಸ್ ೧೯೮೪ರಲ್ಲಿ ಪ್ರಕಟಿಸಿದರು. ಹತ್ತೊಂಬತ್ತರಿಂದ ಎಪ್ಪತ್ತೆರಡರವರೆಗಿನ ಬೆರಳಚ್ಚುಗಾರರನ್ನು ಅವರು ಪರೀಕ್ಷಿಸಿದ್ದರು. ಬೆಳಕೋ ಅಕ್ಷರವೋ ಕಂಡ ಕೂಡಲೇ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಹಿರಿಯರು ಹಿಂದೆ ಬಿದ್ದರು. ನಿಜವಾದ ಬೆರಳಚ್ಚಿನಲ್ಲಿ ಹಿಂದೆ ಬೀಳಲಿಲ್ಲ. ಕಾರಣ ಹುಡುಕಿದರೆ, ಅನುಭವಿಗಳಾದ ಹಿರಿಯರು ಪ್ರತಿಯನ್ನು ಓದುವಾಗ ಕಿರಿಯರಿಗಿಂತ ಹೆಚ್ಚು ಅಕ್ಷರಗಳಷ್ಟು ಮುಂದಕ್ಕೆ ಕಣ್ಣು ಹಾಯಿಸುತ್ತಿದ್ದರು. ಬೆರಳು ತಡವಾದರೂ ಅದಕ್ಕೆ ಮುಂಚಿತವಾಗಿ ಸೂಚನೆ ಸಿಕ್ಕಿರುತ್ತಿತ್ತು. ಶಿಡ್ಲಘಟ್ಟದ ಬಾಣಲೆಯ ಅಂಚಿನಲ್ಲಿ ಕಾದಿದ್ದ ಗೂಡಿಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಆದರೆ ಈ ಉಪಾಯಕ್ಕೆ ಒಂದು ಮಿತಿಯುಂಟು. ಕೈಗೆ ತನ್ನ ಜಾಗ ಗೊತ್ತಿರಬೇಕು, ಯಾವ ವಸ್ತು ಎಲ್ಲಿದೆಯೆಂಬುದು ಬದಲಾಗದಿರಬೇಕು. ಪೇಟೆಯ ಮನೆಗಳಲ್ಲಿ ಕಷ್ಟ ಶುರುವಾಗುವುದು ಇಲ್ಲಿಯೇ.

ಚಿಕ್ಕಬಳ್ಳಾಪುರದಲ್ಲಿರುವ ನನ್ನ ಸ್ನೇಹಿತರೊಬ್ಬರ ತಾಯಿ ಐವತ್ತು ವರ್ಷ ಒಂದೇ ಅಡುಗೆಮನೆಯನ್ನು ಆಳಿದವರು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಿದರು. ಹೊಸ ಅಡುಗೆಮನೆಯಲ್ಲಿ ಕಪ್ಪುಕಲ್ಲಿನ ಕಟ್ಟೆ, ಕಣ್ಣುಮಟ್ಟಕ್ಕೆ ಮೇಲಿನ ಕಪಾಟುಗಳು, ಮಿಕ್ಸಿ, ನೀರು ಶುದ್ಧಿ ಮಾಡುವ ಯಂತ್ರ, ಒಂದರ ಹಿಂದೊಂದು ಡಬ್ಬಿಗಳ ಸಾಲು. ಆರು ತಿಂಗಳಲ್ಲಿ ಮೂರು ಸಲ ಅವಘಡ: ಒಮ್ಮೆ ಹಾಲು, ಒಮ್ಮೆ ಎಣ್ಣೆ, ಮೂರನೆಯ ಬಾರಿ ಕಾದ ಸಾರು ಕೈಮೇಲೆ. ಸೊಸೆ ಒಳ್ಳೆಯ ಹೆಣ್ಣುಮಗಳು, ಬೈಯಲಿಲ್ಲ. “ಅತ್ತೆ, ಇನ್ನು ನೀವು ಆರಾಮವಾಗಿ ಕೂತುಕೊಳ್ಳಿ. ಎಲ್ಲಾ ನಾನೇ ನೋಡಿಕೊಳ್ತೀನಿ,” ಎಂದಳು. ಕೂತರು. ನಡುಮನೆಯಲ್ಲಿ, ದೂರದರ್ಶನದ ಎದುರಿಗೆ, ನಾಲ್ಕು ತಿಂಗಳು. ಆ ಬಳಿಕ ಊಟದ ತಟ್ಟೆಯ ಪಕ್ಕದ ನೀರಿನ ಲೋಟಕ್ಕೂ ಅವರು ಕೈ ಚಾಚುವುದನ್ನು ಬಿಟ್ಟರು. ಯಾರಾದರೂ ಎತ್ತಿಕೊಡಲಿ ಎಂದು ಕಾಯತೊಡಗಿದರು. ಮನೆಯವರು ಇದನ್ನು ಮರೆವಿನ ಕಾಯಿಲೆಯ ಮೊದಲ ಗುರುತೆಂದು ಭಾವಿಸಿ ಮನಸ್ಸಿನಲ್ಲೇ ಕೊರಗಿದರು. ಆಕೆಗೆ ಅದು ಹಾಗಲ್ಲವೆಂದು ಗೊತ್ತಿತ್ತು. ಆದರೆ ಹೇಳಿದರೆ ಕಣ್ಣಾಸ್ಪತ್ರೆಯ ಖರ್ಚಾಗುತ್ತದೆ, ಮನೆಯ ಸಾಲ ಇನ್ನೂ ತೀರಿಲ್ಲ ಎಂದು ಸುಮ್ಮನಿದ್ದರು.

ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು. ಕಪ್ಪುಕಲ್ಲಿನ ಮೇಲೆ ಇಟ್ಟ ಕಪ್ಪು ಹಿಡಿಯ ಬಾಣಲೆ ಅವರಿಗೆ ಕಾಣುತ್ತಲೇ ಇರಲಿಲ್ಲ. ಕಾಣದ ಅಡ್ಡವನ್ನು ಬಳಸಿಹೋಗಲು ಯಾವ ವಯಸ್ಸಿನ ಕೈಗೆ ಸಾಧ್ಯ? ಶಸ್ತ್ರಚಿಕಿತ್ಸೆಯಾಯಿತು, ಮಸೂರ ಕೂಡಿಸಿದರು. ಕಣ್ಣು ಬಂದ ಮೇಲೂ ಕೈಯ ಹಿಂಜರಿಕೆ ತಕ್ಷಣ ಹೋಗಲಿಲ್ಲ. ಬಳಸದ ಭುಜ ಬಿಗಿದಿತ್ತು, ಬಳಸದ ಧೈರ್ಯವೂ ಕುಗ್ಗಿತ್ತು. ಆಗ ಸೊಸೆಯೇ ಒಂದು ಕೆಲಸ ಮಾಡಿದಳು. ಅತ್ತೆಯನ್ನು ಕರೆದುಕೊಂಡು ಬಂದು, ಹಳೆಯ ಅಡುಗೆಮನೆಯಲ್ಲಿ ಯಾವುದು ಎಲ್ಲಿತ್ತೆಂದು ಕೇಳಿ, ಒಲೆಯ ಬಲಗಡೆಯ ಒಂದೂವರೆ ಮೊಳ ಜಾಗವನ್ನು ಹಾಗೆಯೇ ಜೋಡಿಸಿದಳು. ಸಕ್ಕರೆ, ಕಾಫಿಪುಡಿ, ಫಿಲ್ಟರು ಒಂದೇ ಸಾಲಿನಲ್ಲಿ, ಒಂದರ ಹಿಂದೆ ಒಂದಿಲ್ಲದಂತೆ. ಕೆಳಗೆ ಬಿಳಿಯ ಹಾಸು. ಮೇಲೊಂದು ದೀಪ. ಈಗ ಆ ಮನೆಯಲ್ಲಿ ಬೆಳಗಿನ ಕಾಫಿ ಅತ್ತೆಯದು. ನಾನು ಕುಡಿದಿದ್ದೇನೆ, ಡಿಕಾಕ್ಷನ್ನಿನ ಹದ ಐವತ್ತು ವರ್ಷದ್ದು.

ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದರ ಅಪಾಯ ಇಲ್ಲಿದೆ. ವಯಸ್ಸು ಕೈಯನ್ನು ಮೆಲ್ಲಮೆಲ್ಲಗೆ, ವರ್ಷಗಟ್ಟಲೆಯಾಗಿ, ಎರಡೂ ಕಡೆಗೆ ಸಮನಾಗಿ ನಿಧಾನಗೊಳಿಸುತ್ತದೆ. ಒಂದೇ ಕೈ ಇದ್ದಕ್ಕಿದ್ದಂತೆ ಸೋತರೆ, ಬೆರಳಿಂದ ಲೋಟ ಜಾರಿ ಮಾತೂ ತೊದಲಿದರೆ ಅದು ಮುಪ್ಪಲ್ಲ; ಗಂಟೆಯೊಂದನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕಾದ ಪಾರ್ಶ್ವವಾಯುವಿರಬಹುದು. ಸುಮ್ಮನೆ ಕುಳಿತಾಗಲೂ ಕೈ ನಡುಗಿದರೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಭುಜ ಹಿಡಿದುಕೊಳ್ಳುವುದು ಹೆಚ್ಚು. ನಮ್ಮ ಸೀಮೆಗೆ ಸೇರಿದ ಇನ್ನೊಂದು ಕಾರಣವೂ ಇದೆ. ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿ ತಾಲ್ಲೂಕುಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಂ ಮಿತಿಯನ್ನು ಮೀರಿದೆ. ಇಂಥ ನೀರನ್ನು ದಶಕಗಳ ಕಾಲ ಕುಡಿದವರ ಕುತ್ತಿಗೆ, ಬೆನ್ನು, ಭುಜದ ಕೀಲುಗಳು ಬಿಗಿದು, ತಲೆಯ ಮೇಲಕ್ಕೆ ಕೈ ಎತ್ತಲಾಗದ ಸ್ಥಿತಿ ಐವತ್ತಕ್ಕೇ ಬರುವುದುಂಟು. ಹುಣಸೆಮರದ ಕೆಳಗೆ ಕುಳಿತು ಹಣ್ಣು ಬಿಡಿಸುತ್ತಿದ್ದ ಚಿಂತಾಮಣಿಯ ಕಡೆಯ ರೈತನೊಬ್ಬ ತನ್ನನ್ನು ‘ಮುದುಕ’ ಎಂದು ಕರೆದುಕೊಂಡ. ವಯಸ್ಸು ಕೇಳಿದರೆ ಐವತ್ತೆರಡು. ಅವನನ್ನು ಮುದುಕನನ್ನಾಗಿ ಮಾಡಿದ್ದು ಬಾವಿ.

ಇನ್ನು ಆತುರದ ಮಾತು. ೧೮೯೯ರಷ್ಟು ಹಿಂದೆಯೇ ಅಮೆರಿಕದ ರಾಬರ್ಟ್ ವುಡ್‌ವರ್ತ್ ಎಂಬವರು ಜನರಿಂದ ಬೇರೆ ಬೇರೆ ವೇಗದಲ್ಲಿ ಗೆರೆ ಎಳೆಸಿ ಪರೀಕ್ಷೆ ಮಾಡಿದ್ದರು. ನಿಧಾನವಾಗಿ ಎಳೆದಾಗ ಕಣ್ಣು ತೆರೆದವರ ಗೆರೆ ಕಣ್ಣು ಮುಚ್ಚಿದವರ ಗೆರೆಗಿಂತ ಬಹಳ ನಿಖರ. ವೇಗ ಮಿತಿಮೀರಿದಾಗ ಕಣ್ಣು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಕಂಡುದನ್ನು ಕೈಗೆ ತಿಳಿಸುವಷ್ಟರಲ್ಲಿ ಕೈ ಮುಟ್ಟಿಯಾಗಿರುತ್ತದೆ. ಕಣ್ಣನ್ನೇ ನೆಚ್ಚಿ ಬದುಕುವ ಕೈಯನ್ನು ಅವಸರಪಡಿಸುವುದೆಂದರೆ ಅದರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಗೌರಿಬಿದನೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಇದನ್ನು ಯಾರು ಬೇಕಾದರೂ ನೋಡಬಹುದು. ಬಾಗಿಲಲ್ಲಿ ತರಕಾರಿಯ ಮೂಟೆ, ಮೆಟ್ಟಿಲ ಮೇಲೆ ಇಬ್ಬರು ಹುಡುಗರು, ಅವರಾಚೆ ಹಿಡಿದುಕೊಳ್ಳಬೇಕಾದ ಕಂಬಿ. ವೃದ್ಧರೊಬ್ಬರು ಮೂಟೆಯ ಮೇಲಿನಿಂದಲೋ ಹುಡುಗನ ತೋಳಿನ ಕೆಳಗಿನಿಂದಲೋ ಎಂದು ದಾರಿ ಅಳೆಯುತ್ತಿರುತ್ತಾರೆ. ಎರಡೇ ಎರಡು ಕ್ಷಣ. “ಬೇಗ ಹತ್ತಿ ತಾತ, ಬೇಗ ಬೇಗ!” ಎಂದು ಒಳಗಿನಿಂದ ಕೂಗು. ಅಳತೆ ತಪ್ಪುತ್ತದೆ, ಕೈ ಕಂಬಿಯ ಪಕ್ಕದ ಗಾಳಿಯನ್ನು ಹಿಡಿಯುತ್ತದೆ. ಒಂದು ದಿನ ಕಂಡಕ್ಟರ್ ಹುಡುಗಿಯೊಬ್ಬಳು ಕೂಗಲಿಲ್ಲ. ಮೂಟೆಯನ್ನು ಕಾಲಿನಿಂದ ಒಳಕ್ಕೆ ತಳ್ಳಿ, ಮೆಟ್ಟಿಲ ಮೇಲಿನ ಹುಡುಗರಿಗೆ, “ಅಣ್ಣಾ, ಒಂದು ಕಡೆ ನಿಂತ್ಕೊಳ್ಳಿ,” ಎಂದಳು. ಆ ಹಿರಿಯರು ಕಂಬಿ ಹಿಡಿದು ತಾವೇ ಹತ್ತಿ, ಕಿಟಕಿಯ ಪಕ್ಕ ಕುಳಿತು, ಜುಬ್ಬದ ಒಳಜೇಬಿನಿಂದ ಚೀಟಿಗಳ ನಡುವೆ ಸಿಕ್ಕಿಕೊಂಡಿದ್ದ ಹತ್ತು ರೂಪಾಯಿಯ ನೋಟನ್ನು ಬಹಳ ಹೊತ್ತು ಹುಡುಕಿ ತೆಗೆದರು. ಅವಳು ಅಷ್ಟು ಹೊತ್ತೂ ಟಿಕೆಟ್ ಹಿಡಿದುಕೊಂಡು ನಿಂತಿದ್ದಳು.